'ಎಲ್ಲ ತಾನೇ ಮಾಡ್ಕೋತಾನೆ ಸಾರ್': ತಮ್ಮನ ಯುಡಿಐಡಿ ಕಾರ್ಡ್ ಮಾಡಿಸೋಕೆ ಹೋಗಿ ನಾವು ಕಲಿತಿದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಸಾಮಾನ್ಯವಾಗಿ ನಾನಿಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ ಅಂತ ನಿಮಗೆ ಗೊತ್ತು. ಬಿ.ಕಾಂ. ಓದಿದವಳು, ಇಎಂಐ, ಪಿಎಫ್, ಇನ್ಶೂರೆನ್ಸ್ ಅಂತ ಕೊರೀತಾ ಇರ್ತೀನಿ. ಇವತ್ತೂ ಅರ್ಧ ದುಡ್ಡಿನ ವಿಷಯಾನೇ. ಆದ್ರೆ ಶುರು ಮಾಡೋದು ನನ್ನ ತಮ್ಮನಿಂದ.

ತಮ್ಮನಿಗೆ ಈಗ 20 ವರ್ಷ. ಮನೆಯಲ್ಲಿ ಪುಟ್ಟ ಅಂತೀವಿ, ಇಲ್ಲೂ ಪುಟ್ಟ ಅಂತಾನೇ ಹೇಳ್ತೀನಿ. ಅವನಿಗೆ ಹುಟ್ಟಿನಿಂದ ಬೌದ್ಧಿಕ ವೈಕಲ್ಯ ಇದೆ, ಜೊತೆಗೆ ಫಿಟ್ಸ್. ನಮ್ಮದು ಒಂದು ತಾಲ್ಲೂಕು ಕೇಂದ್ರ. ಅಪ್ಪನದು ಹಿಟ್ಟಿನ ಗಿರಣಿ. ಪುಟ್ಟನಿಗೆ ಓದೋಕೆ ಬರಲ್ಲ, ಆದ್ರೆ ಗಿರಣಿಯಲ್ಲಿ ಸಾಲಾಗಿ ಇಟ್ಟಿರೋ ಡಬ್ಬಗಳಲ್ಲಿ ಯಾವುದು ಯಾರ ಮನೇದು ಅಂತ ಒಂದೂ ತಪ್ಪದೆ ಹೇಳ್ತಾನೆ. ಮುಚ್ಚಳದ ಬಣ್ಣ, ಡಬ್ಬದ ಮೇಲಿನ ಸೊಟ್ಟ, ಅದೇ ಅವನಿಗೆ ಹೆಸರು.

ಈ ಸಂಚಿಕೆ ಮಾಡಬಹುದಾ ಅಂತ ಅವನನ್ನೂ ಕೇಳಿದೆ. ಹಿಂದಿನ ಸಂಚಿಕೆ ಒಂದನ್ನ ಕೇಳಿಸಿದೆ. ಶುರುವಿನ ಮ್ಯೂಸಿಕ್ ಮೂರು ಸಲ ಹಾಕಿಸ್ಕೊಂಡ. ನಾನು ಮಾತಾಡೋಕೆ ಶುರು ಮಾಡಿದ ತಕ್ಷಣ ಎದ್ದು ಹೋದ. ಅದನ್ನೇ ಒಪ್ಪಿಗೆ ಅಂದ್ಕೊಂಡಿದ್ದೀನಿ.

ಇನ್ನೊಂದು ಮಾತು. ಇದರಲ್ಲಿ ಬ್ಯಾಂಕ್ ಬರುತ್ತೆ, ಆಸ್ಪತ್ರೆ ಬರುತ್ತೆ, ಆಫೀಸ್ ಬರುತ್ತೆ. ಯಾವುದರ ಹೆಸರನ್ನೂ ಹೇಳಲ್ಲ. ಈ ಥರ ಓಡಾಡಿರೋ ಯಾವ ಮನೆಯವರನ್ನ ಕೇಳಿದ್ರೂ ಹೆಚ್ಚುಕಮ್ಮಿ ಇದೇ ಕಥೆ ಹೇಳ್ತಾರೆ.

ಹುಟ್ಟುಹಬ್ಬದ ಮಾರನೇ ತಿಂಗಳು

ಪುಟ್ಟನಿಗೆ 9 ವರ್ಷ ಇದ್ದಾಗ, 2015ರಲ್ಲಿ, ಅಪ್ಪ ಅಮ್ಮ ಅವನಿಗೆ ಅಂಗವಿಕಲ ಪ್ರಮಾಣಪತ್ರ ಮಾಡಿಸಿದ್ರು. ಅದರ ಮೇಲೆ ಮಾಸಾಶನ ಮಂಜೂರಾಯ್ತು. ಅವನ ಹೆಸರಲ್ಲಿ ಮೈನರ್ ಅಕೌಂಟ್, ಅಮ್ಮ ಗಾರ್ಡಿಯನ್. ದೊಡ್ಡ ಮೊತ್ತ ಏನಲ್ಲ. ಅವನ ಫಿಟ್ಸ್ ಮಾತ್ರೆಗೆ ಆಗ್ತಿತ್ತು. ಆ ಪ್ರಮಾಣಪತ್ರವನ್ನ ಅಮ್ಮ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಸೀರೆ ಮಧ್ಯೆ, ಬೀರುವಿನಲ್ಲಿ ಇಟ್ಟಿದ್ರು.

2024ರಲ್ಲಿ ಅವನಿಗೆ 18 ತುಂಬಿತು. ಮನೆಯಲ್ಲಿ ಕೇಸರಿಬಾತ್ ಮಾಡಿದ್ವಿ. ಮಾರನೇ ತಿಂಗಳು ಅಮ್ಮ ದುಡ್ಡು ತೆಗೆಯೋಕೆ ಬ್ಯಾಂಕಿಗೆ ಹೋದ್ರೆ, ಕೌಂಟರಲ್ಲಿದ್ದವರು ಹೇಳಿದ್ರಂತೆ, "ಹುಡುಗ ಮೇಜರ್ ಆಗಿದ್ದಾನೆ ಅಮ್ಮ, ಇನ್ಮೇಲೆ ನಿಮ್ಮ ಸೈನ್ ನಡೆಯಲ್ಲ. ಅವನೇ ಬಂದು ಸೈನ್ ಮಾಡ್ಲಿ."

ಅಮ್ಮ ಅಂದ್ರಂತೆ, "ಸಾರ್, ಅವನಿಗೆ ಸೈನ್ ಮಾಡೋಕೆ ಬರಲ್ಲ, ಅದಕ್ಕೇ ಅಲ್ವಾ ಈ ದುಡ್ಡು ಬರ್ತಿರೋದು?"

ನಂಗೆ ಫೋನ್ ಬಂತು. ನಾನು ಬೆಂಗಳೂರಲ್ಲಿ. ಪ್ರಮಾಣಪತ್ರದ ಫೋಟೋ ವಾಟ್ಸಾಪ್ ಮಾಡು ಅಂದೆ. ಜೂಮ್ ಮಾಡಿ ನೋಡಿದ್ರೆ ಕೆಳಗೆ ಕೈಬರಹದಲ್ಲಿ ಮರುಪರೀಕ್ಷೆ ಅಂತ ಬರೆದಿದೆ. ಒಂಬತ್ತು ವರ್ಷ ಅದನ್ನ ಯಾರೂ ಓದಿಲ್ಲ. ಮನೆಯಲ್ಲಿ ಬಿ.ಕಾಂ. ಮಾಡಿದವಳು ನಾನೇ ಇದ್ದೀನಿ, ನಾನೂ ಓದಿಲ್ಲ.

ನಿಮ್ಮ ಮನೆಯಲ್ಲಿ ಇಂಥ ತಮ್ಮನೋ ತಂಗಿಯೋ ಇದ್ರೆ ಇದೊಂದು ನೆನಪಿಟ್ಕೊಳ್ಳಿ. ಬೌದ್ಧಿಕ ವೈಕಲ್ಯದ ಪ್ರಮಾಣಪತ್ರ ಮಕ್ಕಳಿಗೆ ಒಂದೇ ಸಲಕ್ಕೆ ಜೀವನಪೂರ್ತಿ ಸಿಗಲ್ಲ. 5, 10, 18 ಈ ವಯಸ್ಸುಗಳಲ್ಲಿ ಮತ್ತೆ ನೋಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತೆ. 18ಕ್ಕೆ ಕೊಡೋದು ಶಾಶ್ವತ. ಹಾಗಾಗಿ 17 ದಾಟಿದ ತಕ್ಷಣ ಓಡಾಟ ಶುರು ಮಾಡಿ. ನಾವು ತಡವಾಗಿ ಶುರು ಮಾಡಿದ್ವಿ, ಪುಟ್ಟನ ದುಡ್ಡು ಅವನ ಅಕೌಂಟಲ್ಲೇ ಒಂದು ವರ್ಷಕ್ಕೂ ಮೇಲೆ ಸಿಕ್ಕಿಹಾಕ್ಕೊಂಡಿತ್ತು.

ಅರ್ಜಿ: ಸಣ್ಣ ತಪ್ಪು, ದೊಡ್ಡ ಓಡಾಟ

ಈಗ ಎಲ್ಲದಕ್ಕೂ ಬೇಕಾಗಿರೋದು ಯುಡಿಐಡಿ ಕಾರ್ಡ್. ನೋಡೋಕೆ ಆಧಾರ್ ಥರ ಒಂದು ಕಾರ್ಡ್, ದೇಶದಲ್ಲೆಲ್ಲಾ ನಡೆಯುತ್ತೆ. 2021ರ ಜೂನ್ 1ರಿಂದ ಹೊಸ ಪ್ರಮಾಣಪತ್ರಗಳನ್ನ ಸ್ವಾವಲಂಬನ್ ಕಾರ್ಡ್ ಅನ್ನೋ ಸರ್ಕಾರಿ ಪೋರ್ಟಲ್ ಮೂಲಕವೇ ಕೊಡಬೇಕು. ಕಾರ್ಡಿನಲ್ಲಿ ಬಣ್ಣದ ಪಟ್ಟಿ ಇರುತ್ತೆ. ಶೇಕಡ 40ಕ್ಕಿಂತ ಕಡಿಮೆ ಇದ್ರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಇರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಆಟಿಸಂ, ಕಲಿಕಾ ನ್ಯೂನತೆ ಎಲ್ಲಾ ಸೇರಿದೆ. 1995ರ ಹಳೇ ಕಾಯ್ದೆಯಲ್ಲಿ ಬರೀ ಏಳು ಇತ್ತು. ಆಗ "ನಿಮ್ಮ ಮಗುವಿಗೆ ಬರಲ್ಲ" ಅಂತ ವಾಪಸ್ ಕಳಿಸಿದ್ರು ಅನ್ನೋರು ಈಗ ಇನ್ನೊಂದು ಸಲ ವಿಚಾರಿಸಬಹುದು.

ಅರ್ಜಿ ಹಾಕೋಕೆ ಸರ್ಕಾರಿ ಶುಲ್ಕ ಇಲ್ಲ. ಮೊಬೈಲಲ್ಲೇ ಹಾಕಬಹುದು. ಆಧಾರ್, ಫೋಟೋ, ವಿಳಾಸದ ದಾಖಲೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ಯಾವ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸ್ತೀರಿ ಅನ್ನೋದು, ಇಷ್ಟೇ.

ಇಷ್ಟರಲ್ಲೂ ನಾವು ಎರಡು ತಪ್ಪು ಮಾಡಿದ್ವಿ.

ಮೊದಲನೇದು, ಹೆಸರು. ಆಧಾರಲ್ಲಿ ಪುಟ್ಟನ ಇನಿಷಿಯಲ್ ಹಿಂದೆ ಇದೆ, ಹಳೇ ಪ್ರಮಾಣಪತ್ರದಲ್ಲಿ ಮುಂದೆ ಇದೆ, ರೇಷನ್ ಕಾರ್ಡಲ್ಲಿ ಇನಿಷಿಯಲ್ಲೇ ಇಲ್ಲ. ನಮಗೆ ಅದು ಒಬ್ಬನೇ ಪುಟ್ಟ. ಕಂಪ್ಯೂಟರಿಗೆ ಮೂರು ಜನ. ಅರ್ಜಿ ಹಾಕೋಕೆ ಮುಂಚೆ ಎಲ್ಲಾ ಕಾಗದ ನೆಲದ ಮೇಲೆ ಹರಡಿ, ಹೆಸರು, ಹುಟ್ಟಿದ ದಿನಾಂಕ ಒಂದೇ ಥರ ಇದೆಯಾ ನೋಡ್ಕೊಳ್ಳಿ.

ಎರಡನೇದು, ಮೊಬೈಲ್ ನಂಬರ್. ಅಪ್ಪ ಮೊದಲ ಸಲ ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿದಾಗ, ಒಟಿಪಿ ಬೇಗ ಬರಲಿ ಅಂತ ಅಲ್ಲಿದ್ದ ಹುಡುಗ ತನ್ನ ನಂಬರನ್ನೇ ಹಾಕಿಬಿಟ್ಟಿದ್ದ. ಆಮೇಲೆ ಅವನು ಆ ಅಂಗಡಿ ಬಿಟ್ಟು ಬೇರೆ ಊರಿಗೆ ಹೋದ. ಆಸ್ಪತ್ರೆಗೆ ಯಾವಾಗ ಬರಬೇಕು ಅನ್ನೋ ಮೆಸೇಜ್ ಎಲ್ಲಿಗೆ ಹೋಯ್ತೋ ದೇವರಿಗೇ ಗೊತ್ತು. ಎರಡು ತಿಂಗಳು ಕಾದ ಮೇಲೆ ನಮಗೆ ಇದು ಗೊತ್ತಾಗಿದ್ದು. ಹೊಸದಾಗಿ ಅರ್ಜಿ ಹಾಕಬೇಕಾಯ್ತು, ಅದು 2024ರ ನವೆಂಬರ್. ಮನೆಯಲ್ಲಿ ಯಾರ ನಂಬರ್ ಇನ್ನೂ ಹತ್ತು ವರ್ಷ ಬದಲಾಗಲ್ವೋ ಅದನ್ನೇ ಕೊಡಿ.

ಹಳ್ಳಿಯಲ್ಲಿರೋರಿಗೆ ಒಂದು ಮಾತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ ಅಂತ ಇರ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ. ಇವರಲ್ಲಿ ತುಂಬಾ ಜನ ಸ್ವತಃ ವಿಕಲಚೇತನರು. ಯಾವ ದಿನ ಬೋರ್ಡ್ ಕೂರುತ್ತೆ, ಯಾವ ಕಾಗದ ಜೆರಾಕ್ಸ್ ಬೇಕು, ಯಾವುದು ಬೇಡ, ಎಲ್ಲಾ ಇವರಿಗೆ ಬಾಯಿಪಾಠ. ನಮಗೆ ದಾರಿ ಸಿಕ್ಕಿದ್ದು ಅಂಥ ಒಬ್ಬ ಮೇಡಂ ಇಂದ. ಅವರು ಮೊದಲು ಹೇಳಿದ ಮಾತೇ, "ಬೆಳಿಗ್ಗೆ ಹೊಟ್ಟೆ ತುಂಬಾ ತಿನ್ನಿಸಿ ಕರ್ಕೊಂಡು ಬನ್ನಿ. ಹಸಿದ ಹುಡುಗನ ಪರೀಕ್ಷೆ ನಡೆಯಲ್ಲ."

ಆ ರೂಮಿನಲ್ಲಿ ಆಗಿದ್ದು

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಕೈ, ಕಾಲು, ಕಣ್ಣಿನ ತೊಂದರೆ ಆದ್ರೆ ಡಾಕ್ಟರು ಅಳತೆ ಮಾಡಬಹುದು. ಬೌದ್ಧಿಕ ವೈಕಲ್ಯಕ್ಕೆ ಹಾಗಲ್ಲ. ಒಂದು ಕಡೆ ಬುದ್ಧಿಶಕ್ತಿಯ ಪರೀಕ್ಷೆ. ನಮ್ಮ ಕಡೆ ಬಿನೆ-ಕಾಮತ್ ಟೆಸ್ಟ್ ತುಂಬಾ ಬಳಕೆಯಲ್ಲಿದೆ. ಫ್ರೆಂಚ್ ಮನಶ್ಶಾಸ್ತ್ರಜ್ಞ ಬಿನೆ ಶುರು ಮಾಡಿದ ಪರೀಕ್ಷೆಯನ್ನ ಕಾಮತ್ ಅನ್ನೋರು ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ದು. ಇನ್ನೊಂದು ಕಡೆ ವಿಎಸ್‌ಎಂಎಸ್ ಅನ್ನೋ ಪ್ರಶ್ನಾವಳಿ. ದಿನನಿತ್ಯದ ಬದುಕಿನಲ್ಲಿ ಏನೇನು ಮಾಡ್ಕೋತಾನೆ ಅಂತ ಅಳೆಯೋದು. ಈ ಎರಡನೇದರಲ್ಲಿ ಉತ್ತರ ಕೊಡೋದು ಹುಡುಗ ಅಲ್ಲ, ಮನೆಯವರು. ಅಂದ್ರೆ ಅಮ್ಮ.

ಇದರಿಂದ ಬರೋ ಶೇಕಡಾವಾರು ಒಂದೊಂದಾಗಿ ಏರಲ್ಲ, ಮೆಟ್ಟಿಲ ಥರ ಇದೆ. ಸೌಮ್ಯ ಅಂದ್ರೆ 50, ಮಧ್ಯಮ ಅಂದ್ರೆ 75, ತೀವ್ರ ಅಂದ್ರೆ 90, ಅತಿ ತೀವ್ರ ಅಂದ್ರೆ 100. ಮಾಸಾಶನ ಎಷ್ಟು ಅನ್ನೋದು ಈ ಸಂಖ್ಯೆ ಮೇಲೆ ನಿಂತಿದೆ. ಪುಟ್ಟನಿಗೆ 2015ರಲ್ಲಿ ಸೌಮ್ಯ ಅಂತ ಬರೆದಿದ್ರು. ಅಮ್ಮ ಆ ಇಂಗ್ಲಿಷ್ ಪದ ಕಲ್ತಿದ್ರು. ಯಾರಾದ್ರೂ ನೆಂಟರು ಕೇಳಿದ್ರೆ, "ನಮ್ಮ ಪುಟ್ಟನದು ಮೈಲ್ಡ್ ಅಷ್ಟೇ" ಅಂತಿದ್ರು.

ಪರೀಕ್ಷೆ ದಿನ ಅಮ್ಮ ಅವನಿಗೆ ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ರು. ಕ್ರಾಪ್ ತೀಡಿದ್ರು. ಬಸ್ಸಲ್ಲಿ ದಾರಿಯುದ್ದಕ್ಕೂ, "ಮೇಡಂ ಹೆಸರು ಕೇಳಿದ್ರೆ ಜೋರಾಗಿ ಹೇಳು, ನಮಸ್ತೆ ಮಾಡು" ಅಂತ ಹೇಳ್ಕೊಡ್ತಿದ್ರು, ಸ್ಕೂಲ್ ಅಡ್ಮಿಷನ್‌ಗೆ ಕರ್ಕೊಂಡು ಹೋಗೋ ಹಾಗೆ. ನಾನೂ ಪಕ್ಕದಲ್ಲಿ ಕೂತು ನಗ್ತಿದ್ದೆ.

ಒಳಗೆ ಮನಶ್ಶಾಸ್ತ್ರಜ್ಞರು ಕೇಳ್ತಾ ಹೋದ್ರು. ಸ್ನಾನ ಯಾರು ಮಾಡಿಸ್ತಾರೆ?

"ಅವನೇ ಮಾಡ್ಕೋತಾನೆ ಮೇಡಂ."

ಊಟ?

"ಅವನೇ. ಚೆಲ್ಲದ ಹಾಗೆ ತಿಂತಾನೆ."

ಅಂಗಡಿಗೆ ಹೋಗ್ತಾನಾ?

"ಓ, ಹೋಗಿ ಹಾಲು ತರ್ತಾನೆ."

ಹಿಂದೆ ಕೂತಿದ್ದ ಡಾಕ್ಟರ ಕಡೆ ತಿರುಗಿ ಅಮ್ಮ ಇನ್ನೊಂದು ಮಾತು ಸೇರಿಸಿದ್ರು, "ಎಲ್ಲ ತಾನೇ ಮಾಡ್ಕೋತಾನೆ ಸಾರ್. ಏನೂ ತೊಂದರೆ ಕೊಡಲ್ಲ."

ಅವತ್ತು ಬುದ್ಧಿಶಕ್ತಿಯ ಪರೀಕ್ಷೆ ಮುಗೀಲಿಲ್ಲ, ಪುಟ್ಟ ಸುಸ್ತಾಗಿದ್ದ. ಇನ್ನೊಂದು ದಿನ ಬನ್ನಿ ಅಂದ್ರು. ಎದ್ದು ಹೊರಡುವಾಗ ಆ ಮೇಡಂ ನನ್ನೊಬ್ಬಳನ್ನೇ ನಿಲ್ಲಿಸಿ ಕೇಳಿದ್ರು, "ಇದೆಲ್ಲಾ ಅಮ್ಮ ಮನೆಯಲ್ಲಿ ಇಲ್ಲದಿದ್ರೂ ಮಾಡ್ತಾನಾ?"

ನಂಗೆ ಉತ್ತರ ಗೊತ್ತಿರಲಿಲ್ಲ. ಏನು ಹೇಳಲಿ? 18 ವರ್ಷ ಅವನ ಅಕ್ಕ ಆಗಿದ್ದೀನಿ, ಅದರಲ್ಲಿ ಏಳು ವರ್ಷ ಬೆಂಗಳೂರಲ್ಲಿದ್ದೀನಿ. ಹಬ್ಬಕ್ಕೆ ಹೋಗ್ತೀನಿ, ಎರಡು ದಿನ ಅವನ ಜೊತೆ ಆಟ ಆಡ್ತೀನಿ, ಬರ್ತೀನಿ. ಅಮ್ಮ ಇಲ್ಲದ ಪುಟ್ಟನನ್ನ ನಾನು ಯಾವತ್ತೂ ನೋಡೇ ಇರಲಿಲ್ಲ.

ಮೂರು ವಾರ

ಅದಾದ ಹತ್ತು ದಿನಕ್ಕೆ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯ್ತು. ಮೊದಲೇ ನಿಗದಿ ಆಗಿದ್ದೇ. ನಾನು ಮೂರು ವಾರ ರಜೆ, ವರ್ಕ್ ಫ್ರಮ್ ಹೋಮ್ ಎರಡೂ ಸೇರಿಸಿ ಊರಿಗೆ ಹೋದೆ. ಅಮ್ಮ ಮೊದಲ ವಾರ ಆಸ್ಪತ್ರೆ, ಆಮೇಲೆ ಚಿಕ್ಕಮ್ಮನ ಮನೆ. ಮನೆಯಲ್ಲಿ ಅಪ್ಪ, ನಾನು, ಪುಟ್ಟ.

ಮೊದಲ ದಿನ ಬೆಳಿಗ್ಗೆ, ಹೋಗಿ ಸ್ನಾನ ಮಾಡು ಪುಟ್ಟ ಅಂದೆ. ಹೋದ. ಹಂಡೆಯಿಂದ ಕುದಿಯೋ ನೀರು ತುಂಬ್ಕೊಂಡು ಸೀದಾ ಮೈಮೇಲೆ ಹಾಕ್ಕೊಳೋಕೆ ಚೊಂಬು ಎತ್ತಿದ್ದ. ನಾನು ಆ ಹೊತ್ತಿಗೆ ಟವೆಲ್ ಕೊಡೋಕೆ ಹೋಗಿದ್ದೆ, ಬಚಾವ್. ಅವನು ಸ್ನಾನ ತಾನೇ ಮಾಡ್ಕೋತಾನೆ, ನಿಜ. ನೀರು ಬೆರೆಸಿಡೋದು ಅಮ್ಮ. ಹದಿನೆಂಟು ವರ್ಷದಿಂದ ದಿನಾ.

ಊಟ ತಾನೇ ಮಾಡ್ತಾನೆ, ಅದೂ ನಿಜ. ಆದ್ರೆ ತಟ್ಟೆ ಮುಂದಿಟ್ಟು "ತಿನ್ನು" ಅನ್ನೋವರೆಗೂ ಕೈ ಹಾಕಲ್ಲ. ನಾನೊಂದು ದಿನ ಮೀಟಿಂಗ್‌ನಲ್ಲಿ ಮುಳುಗಿ ಮರೆತೆ. ಮೂರೂವರೆಗೆ ಹೊರಗೆ ಬಂದು ನೋಡಿದ್ರೆ ಮುಚ್ಚಿಟ್ಟ ತಟ್ಟೆ ಮುಂದೆ ಸುಮ್ನೆ ಕೂತಿದ್ದಾನೆ.

ಹಾಲು ತರ್ತಾನೆ, ಹೌದು. ಅಂಗಡಿ ಅಣ್ಣನಿಗೆ ಪುಟ್ಟ ಗೊತ್ತು. ಅವರೇ ಹಾಲು ಕೈಗೆ ಕೊಟ್ಟು, ಪುಸ್ತಕದಲ್ಲಿ ಬರ್ಕೊಂಡು, ರಸ್ತೆ ದಾಟಿಸ್ತಾರೆ. ಅದೇ ಬೀದಿಯ ಇನ್ನೊಂದು ಅಂಗಡಿಗೆ ಕಳಿಸಿದ್ರೆ ಹೋಗೋಕೆ ಬರಲ್ಲ.

ಮಾತ್ರೆ ಕೊಟ್ರೆ ನುಂಗ್ತಾನೆ ಅಂದ್ಕೊಂಡಿದ್ದೆ. ಎಂಟನೇ ದಿನ ಕಸ ಗುಡಿಸುವಾಗ ಮಂಚದ ಕೆಳಗೆ ನಾಲ್ಕು ಮಾತ್ರೆ ಸಿಕ್ಕಿತು. ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ಉಗಿದಿದ್ದ. ಅಮ್ಮ ಮಾತ್ರೆ ಕೊಟ್ಟ ಮೇಲೆ "ಆ ಮಾಡು, ಆ" ಅಂತ ಬಾಯಿ ನೋಡ್ತಿದ್ರು ಅನ್ನೋದು ನಂಗೆ ಆಗ ನೆನಪಾಯ್ತು. ಚಿಕ್ಕ ಮಗುವಿನ ಜೊತೆ ಆಟ ಆಡ್ತಾರೆ ಅಂದ್ಕೊಂಡಿದ್ದೆ. ಆ ರಾತ್ರಿ ಅವನಿಗೆ ಫಿಟ್ಸ್ ಬಂತು. ಎರಡು ನಿಮಿಷದಲ್ಲಿ ನಿಂತಿತು. ಅವನನ್ನ ಪಕ್ಕಕ್ಕೆ ಮಲಗಿಸಿ ಫೋನಲ್ಲಿ ಟೈಮ್ ನೋಡ್ತಿದ್ದ ಆ ಎರಡು ನಿಮಿಷದ ಬಗ್ಗೆ ಇಲ್ಲಿ ಜಾಸ್ತಿ ಮಾತಾಡಲ್ಲ.

ಮಾರನೇ ದಿನ ಒಂದು ನೂರು ಪೇಜಿನ ನೋಟ್‌ಬುಕ್ ತಂದೆ. ಎಡಗಡೆ ಕೆಲಸ, ಬಲಗಡೆ ಯಾರು ಏನು ಮಾಡಬೇಕಾಯ್ತು, ಎಷ್ಟು ಹೊತ್ತು ಹಿಡೀತು. ಅಕೌಂಟ್ಸ್ ಕಲ್ತವಳಿಗೆ ಬರೋದೇ ಇದು, ಲೆಡ್ಜರ್. ಸುಳ್ಳು ಬರೀಲಿಲ್ಲ, ಹೆಚ್ಚು ಮಾಡೂ ಬರೀಲಿಲ್ಲ. ತಾನೇ ಮಾಡಿದ್ದನ್ನ ತಾನೇ ಮಾಡಿದ ಅಂತಾನೇ ಬರೆದೆ. ಡಬ್ಬ ಗುರುತು ಹಿಡಿದಿದ್ದೂ ಅದರಲ್ಲಿದೆ.

ಎರಡನೇ ಸಲ ಹೋದಾಗ ಆ ನೋಟ್‌ಬುಕ್ಕನ್ನ ಮೇಡಂಗೆ ಕೊಟ್ಟೆ. ಅವರು ಹದಿನೈದು ನಿಮಿಷ ಓದಿದ್ರು. ಆಮೇಲೆ ಮತ್ತೆ ಅವೇ ಪ್ರಶ್ನೆಗಳನ್ನ ಅಮ್ಮನಿಗೆ ಕೇಳಿದ್ರು, ಸ್ವಲ್ಪ ಬೇರೆ ಥರ. "ನೀರು ಯಾರು ಬೆರೆಸ್ತಾರೆ ಅಮ್ಮ?" ಅಮ್ಮ ನನ್ನ ಮುಖ ನೋಡಿದ್ರು. ತುಂಬಾ ಹೊತ್ತು ಬಿಟ್ಟು, "ನಾನೇ" ಅಂದ್ರು.

ಉಳಿದ ಪರೀಕ್ಷೆಗಳೂ ಮುಗಿದು, ಎಲ್ಲಾ ಸೇರಿ ಬಂದಿದ್ದು ಮಧ್ಯಮ, ಶೇಕಡ 75. ಹಳದಿ ಪಟ್ಟಿಯ ಕಾರ್ಡ್.

ವಾಪಸ್ ಬಸ್ಸಲ್ಲಿ ಅಮ್ಮ ಒಂದೂ ಮಾತಾಡಲಿಲ್ಲ. ಊರು ಹತ್ತಿರ ಬಂದಾಗ ಹೇಳಿದ್ರು, "ನನ್ನ ಮಗನ ಮೇಲೆ ನಾನೇ ಚಾಡಿ ಹೇಳಿದ ಹಾಗಾಯ್ತು."

ನಾನು ಏನೂ ಹೇಳೋಕೆ ಹೋಗಲಿಲ್ಲ. ಅವನು ಮೂರು ವರ್ಷಕ್ಕೆ ನಡೆದ, ಏಳು ವರ್ಷಕ್ಕೆ ಅಮ್ಮ ಅಂದ, ಹನ್ನೊಂದಕ್ಕೆ ಶರ್ಟಿನ ಗುಂಡಿ ಹಾಕ್ಕೊಂಡ. ಒಂದೊಂದನ್ನೂ ಅಮ್ಮ ಎಣಿಸಿ ಇಟ್ಕೊಂಡಿದ್ದಾರೆ. ಅಂಥವರನ್ನ ಕೂರಿಸಿ, ನಿಮ್ಮ ಮಗನಿಗೆ ಏನೇನು ಬರಲ್ಲ ಹೇಳಿ ಅಂದ್ರೆ, ಬಾಯಿಂದ ಬರೋದು "ಎಲ್ಲ ತಾನೇ ಮಾಡ್ಕೋತಾನೆ" ಅಂತಾನೇ. ಅದು ಸುಳ್ಳಲ್ಲ. ಅದರಲ್ಲಿ ಅಮ್ಮ ಮಾಡೋ ಕೆಲಸ ಮಾತ್ರ ಲೆಕ್ಕಕ್ಕೆ ಬಂದಿಲ್ಲ.

ಅದಕ್ಕೇ ನಿಮಗೆ ಹೇಳೋದು. ಪರೀಕ್ಷೆಗೆ ಹೋಗೋ ಮುಂಚೆ ಒಂದು ವಾರ ಬರೆದಿಡಿ. ಬೇರೆ ಯಾವ ಕಾಗದ ಇಲ್ಲದಿದ್ರೂ ಇದೊಂದು ಇರಲಿ. ಯಾರು ದಿನಾ ನೋಡ್ಕೋತಾರೋ ಅವರನ್ನ ಒಂದೆರಡು ದಿನ ಬೇರೆ ಕಡೆ ಕಳಿಸಿ, ನೀವು ಮನೆಯಲ್ಲಿದ್ದು ಬರೆದ್ರೆ ಇನ್ನೂ ಒಳ್ಳೇದು. ಬಂದ ಸಂಖ್ಯೆ ಸರಿ ಇಲ್ಲ ಅನಿಸಿದ್ರೆ, 90 ದಿನದೊಳಗೆ ಮೇಲ್ಮನವಿ ಸಲ್ಲಿಸೋಕೆ ಕಾನೂನಿನಲ್ಲಿ ಅವಕಾಶ ಇದೆ. 2024ರ ಅಕ್ಟೋಬರಿನ ತಿದ್ದುಪಡಿ ಪ್ರಕಾರ ಅರ್ಜಿ ಹಾಕಿ ಮೂರು ತಿಂಗಳಲ್ಲಿ ಪ್ರಮಾಣಪತ್ರ ಕೊಡಬೇಕು. ನಮಗೆ ಹಿಡಿದಿದ್ದು ಐದು ತಿಂಗಳು.

ಕಾರ್ಡ್ ಬಂದ ಮೇಲೆ ಏನು?

ಕಾರ್ಡ್ ಬಂದ ತಕ್ಷಣ ದುಡ್ಡು ತಾನಾಗೇ ಬರುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಬರಲ್ಲ. ಒಂದೊಂದಕ್ಕೂ ಬೇರೆ ಅರ್ಜಿ. ಬೇಗ ಬೇಗ ಹೇಳ್ತೀನಿ, ಬೇಕಾದ್ರೆ ಇಲ್ಲಿ ಪಾಸ್ ಮಾಡಿ ಬರ್ಕೊಳ್ಳಿ.

ಒಂದು, ಮಾಸಾಶನ. ನಾಡಕಚೇರಿಯಲ್ಲಿ ಅರ್ಜಿ. ಕುಟುಂಬದ ಆದಾಯಕ್ಕೆ ಮಿತಿ ಇದೆ, ಹಾಗಾಗಿ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ.

ಎರಡು, ನಿರಾಮಯ. ಇದನ್ನ ಕೇಳಿ ನನ್ನ ಕಾಮರ್ಸ್ ತಲೆ ಒಂದು ಕ್ಷಣ ನಿಂತೇ ಹೋಯ್ತು. ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸೋ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಬಿಪಿಎಲ್ ಕುಟುಂಬಕ್ಕೆ ನೋಂದಣಿ 250 ರೂಪಾಯಿ, ಬೇರೆಯವರಿಗೆ 500. ವಯಸ್ಸಿನ ಮಿತಿ ಇಲ್ಲ, ಮೊದಲೇ ಮೆಡಿಕಲ್ ಚೆಕಪ್ ಇಲ್ಲ. ಮಾಮೂಲಿ ಇನ್ಶೂರೆನ್ಸ್ ಕಂಪನಿಗಳ ಏಜೆಂಟರು ಪುಟ್ಟನ ಫೈಲ್ ನೋಡಿ ಫೋನ್ ಎತ್ತೋದನ್ನೇ ಬಿಟ್ಟಿದ್ರು. ಇಲ್ಲಿ ಆಸ್ಪತ್ರೆಗೆ ಸೇರದೆ ಹೊರರೋಗಿಯಾಗಿ ತೋರಿಸಿದ ಖರ್ಚು, ಔಷಧಿ, ಥೆರಪಿಗೂ ಒಂದು ಮಿತಿಯೊಳಗೆ ಹಣ ವಾಪಸ್ ಬರುತ್ತೆ. ಆದ್ರೆ ಬಿಲ್ ಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿ ಮೇಲೆ ಗೀಚಿ ಕೊಡೋದು ನಡೆಯಲ್ಲ. ಪಾಲಿಸಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ, ಪ್ರತಿ ವರ್ಷ ನವೀಕರಿಸಬೇಕು. ಫೋನಲ್ಲಿ ರಿಮೈಂಡರ್ ಹಾಕ್ಕೊಳ್ಳಿ.

ಮೂರು, ಪ್ರಯಾಣ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿನಲ್ಲಿ ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಓಡಾಡಬಹುದು. ರೈಲಿನಲ್ಲಿ, ಒಬ್ಬರೇ ಪ್ರಯಾಣ ಮಾಡೋಕೆ ಆಗದ ಬೌದ್ಧಿಕ ವೈಕಲ್ಯದವರಿಗೆ ಸ್ಲೀಪರ್ ದರ್ಜೆಯಲ್ಲಿ ಶೇಕಡ 75 ರಿಯಾಯಿತಿ, ಜೊತೆಗೆ ಹೋಗೋ ಒಬ್ಬರಿಗೂ ಅಷ್ಟೇ. ಅದಕ್ಕೆ ರೈಲ್ವೆ ಗುರುತಿನ ಚೀಟಿ ಬೇರೆ ಮಾಡಿಸಬೇಕು.

ನಾಲ್ಕು, ಸಂಬಳದವರಿಗೆ. ಆದಾಯ ತೆರಿಗೆಯಲ್ಲಿ 80ಡಿಡಿ ಅಂತ ಕೇಳಿರ್ತೀರಿ. ಹಳೇ ಪದ್ಧತಿ ಆಯ್ಕೆ ಮಾಡ್ಕೊಂಡವರಿಗೆ ಮಾತ್ರ ಸಿಗೋ ಕಡಿತ. ಶೇಕಡ 40ರಿಂದ 80ರೊಳಗೆ ಇದ್ರೆ 75,000 ರೂಪಾಯಿ, 80 ಮತ್ತು ಮೇಲೆ 1,25,000. ಅವಲಂಬಿತರು ಅನ್ನೋದರಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲಾ ಬರ್ತಾರೆ. ತಮ್ಮನ ಖರ್ಚು ನಿಜವಾಗಿ ನೀವೇ ನೋಡ್ಕೋತಿದ್ರೆ ನಿಮ್ಮ ರಿಟರ್ನಿನಲ್ಲಿ ತೋರಿಸಬಹುದು.

ಐದು, ನಿಮ್ಮ ಪಂಚಾಯಿತಿ ಅಥವಾ ಪುರಸಭೆ. ವಿಕಲಚೇತನರಿಗೆ ಅಂತ ಶೇಕಡ 5ರಷ್ಟು ಹಣ ಮೀಸಲಿಡಬೇಕು. ಅದು ಎಲ್ಲಿ ಖರ್ಚಾಯ್ತು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಕೇಳಿದವರ ಮನೆಗೆ ಮಾತ್ರ ಬರೋ ದುಡ್ಡು ಅದು.

ಯಾರು ಸೈನ್ ಮಾಡೋದು?

ಇಷ್ಟೆಲ್ಲಾ ಆದ್ರೂ ಬ್ಯಾಂಕಿನ ಸಮಸ್ಯೆ ಹಾಗೇ ಇತ್ತು. 18 ತುಂಬಿದ ಮೇಲೆ, ಹೆತ್ತವರೇ ಆದ್ರೂ, ಕಾನೂನಿನ ಕಣ್ಣಿನಲ್ಲಿ ಅವರು ಗಾರ್ಡಿಯನ್ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲೆಯಲ್ಲಿ ಒಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತೆ. ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ, ಹೀಗೆ ಮೂವರು. ಅಲ್ಲಿ ಅರ್ಜಿ ಹಾಕಬೇಕು. ಕೋರ್ಟು, ವಕೀಲರು ಬೇಕಿಲ್ಲ. ಆ ಸಮಿತಿ ಕೊಡೋ ಪತ್ರವನ್ನ ಬ್ಯಾಂಕುಗಳು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ.

ಗಾರ್ಡಿಯನ್ ಅಂದ್ರೆ ಅವನ ಮಾಲೀಕ ಅಂತಲ್ಲ. ಇವನಿಗೆ ಗಾರ್ಡಿಯನ್ ನಿಜವಾಗಿ ಬೇಕಾ, ಬೇಕಿದ್ರೆ ಯಾವ ಕೆಲಸಕ್ಕೆ ಬೇಕು ಅಂತ ಸಮಿತಿ ಯೋಚನೆ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ನೇಮಕ ಆದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು.

ಸಮಿತಿ ಮುಂದೆ ಪುಟ್ಟನನ್ನೂ ಕರ್ಕೊಂಡು ಹೋದ್ವಿ. ಅಧಿಕಾರಿ ಬಗ್ಗಿ ಕೇಳಿದ್ರು, "ಯಾರ ಜೊತೆ ಇರೋಕೆ ಇಷ್ಟ ನಿನಗೆ?" ಪುಟ್ಟ ಸ್ವಲ್ಪ ಯೋಚನೆ ಮಾಡಿ, "ಗಿರಣಿ" ಅಂದ. ಎಲ್ಲರೂ ನಕ್ಕರು. ಅಪ್ಪ ಮಾತ್ರ ಕಣ್ಣು ಒರೆಸ್ಕೊಂಡ್ರು.

ಅಪ್ಪ ಅಮ್ಮ ಇಬ್ಬರೂ ಗಾರ್ಡಿಯನ್ ಆಗಿ ನೇಮಕ ಆದ್ರು. ಬ್ಯಾಂಕಲ್ಲಿ ನಿಂತಿದ್ದ ದುಡ್ಡು ಬಂತು. ಆದ್ರೆ ಹೊರಡುವಾಗ ಸಂಸ್ಥೆಯ ಪ್ರತಿನಿಧಿಯಾಗಿದ್ದವರು ಅಪ್ಪನನ್ನ ಕೇಳಿದ್ರು, "ನಿಮ್ಮಿಬ್ಬರ ನಂತರ ಯಾರು ಅಂತ ಯೋಚನೆ ಮಾಡಿದ್ದೀರಾ?"

ಅಪ್ಪ ತಕ್ಷಣ, "ಮಗಳು ಮದುವೆ ಆಗಿ ಹೋಗೋಳು, ಅವಳ ಮೇಲೆ ಹಾಕಲ್ಲ" ಅಂದ್ರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನಿಜ ಹೇಳ್ತೀನಿ, ಅಪ್ಪ ಹಾಗೆ ಅಂದಾಗ ಒಂದು ಕ್ಷಣ ಹಗುರ ಅನಿಸಿತು. ಅದಾದ ಮೇಲೆ ವಾರಗಟ್ಟಲೆ ನಾಚಿಕೆ ಆಯ್ತು.

ಮನೆಗೆ ಬಂದು ಒಂದು ತಿಂಗಳು ಬಿಟ್ಟು ಮಾತಾಡಿದೆ. "ಅಪ್ಪ, ಹಾಕ್ತೀರೋ ಇಲ್ವೋ ಆಮೇಲೆ ನೋಡೋಣ. ಕೇಳಿ ಅಂತೂ ಕೇಳಿ ನನ್ನನ್ನ." ಅಪ್ಪ ಇನ್ನೂ ಕೇಳಿಲ್ಲ. ನಾನೂ ಪೂರ್ತಿ ಉತ್ತರ ರೆಡಿ ಮಾಡ್ಕೊಂಡಿಲ್ಲ. ಹೌದು ಅನ್ನೋದು ಗೊತ್ತು, ಹೇಗೆ ಅನ್ನೋದು ಗೊತ್ತಿಲ್ಲ. ಬೆಂಗಳೂರಲ್ಲಾ, ಊರಲ್ಲಾ, ಗಿರಣಿ ಯಾರು ನಡೆಸ್ತಾರೆ, ನನ್ನ ಮದುವೆ ಆಗೋನಿಗೆ ಇದನ್ನ ಮೊದಲ ಭೇಟಿಯಲ್ಲೇ ಹೇಳಬೇಕಾ. ಇದನ್ನ ಕೇಳ್ತಿರೋ ಅಕ್ಕ, ಅಣ್ಣ, ತಂಗಿಯರೇ, ನಿಮ್ಮ ತಲೆಯಲ್ಲೂ ಇದೇ ಓಡ್ತಿರುತ್ತೆ ಅಂತ ಗೊತ್ತು. ಅಪ್ಪ ಅಮ್ಮ ಗಟ್ಟಿ ಇರುವಾಗಲೇ ಮಾತಾಡಿ. ಆಸ್ಪತ್ರೆ ಕಾರಿಡಾರಲ್ಲಿ ನಿಂತು ಮಾತಾಡೋ ವಿಷಯ ಅಲ್ಲ ಇದು.

ಕೊನೇದಾಗಿ ಆ ನೋಟ್‌ಬುಕ್. ಕೆಲಸ ಮುಗೀತು ಅಂತ ನಾನದನ್ನ ಊರಲ್ಲೇ ಬಿಟ್ಟು ಬಂದಿದ್ದೆ. ಯುಗಾದಿಗೆ ಹೋದಾಗ ಟಿವಿ ಪಕ್ಕ ಇತ್ತು. ತೆಗೆದು ನೋಡಿದ್ರೆ ನನ್ನ ಬರಹದ ಕೆಳಗೆ ಅಮ್ಮನ ಅಕ್ಷರ. ಅಮ್ಮ ಏಳನೇ ಕ್ಲಾಸ್ ಓದಿದವರು, ಗುಂಡು ಗುಂಡಾಗಿ ಬರೀತಾರೆ. "ಸ್ನಾನ" ಅಂತ ನಾನು ಬರೆದಿದ್ದ ಕಡೆ, ನಾಲ್ಕು ಚೊಂಬು ಬಿಸಿನೀರಿಗೆ ಆರು ತಣ್ಣೀರು, ಚಳಿಗಾಲದಲ್ಲಿ ಐದು, ತಲೆಗೆ ಕೊನೆಯಲ್ಲಿ. "ಮಾತ್ರೆ" ಅನ್ನೋ ಕಡೆ, ಬಾಳೆಹಣ್ಣಿನ ಜೊತೆ ಕೊಟ್ರೆ ಉಗಿಯಲ್ಲ. ಅದರ ಮುಂದೆ ಇಪ್ಪತ್ತು ಪೇಜು, ಎಲ್ಲಾ ಅಮ್ಮಂದೇ. ಗುಡುಗು ಬಂದ್ರೆ ಏನು ಮಾಡಬೇಕು, ಕಿವಿ ನೋವಾದ್ರೆ ಅವನು ತಲೆ ಹೇಗೆ ಚಚ್ಕೋತಾನೆ, ಯಾರ ಮನೆ ಡಬ್ಬ ಬಂದ್ರೆ ಖುಷಿ ಪಡ್ತಾನೆ.

ಯಾರಿಗೆ ಅಂತ ಬರೀತಿದ್ದಾರೆ ಅಂತ ನಾನು ಕೇಳಲಿಲ್ಲ. ಇಪ್ಪತ್ತೂ ಪೇಜಿನ ಫೋಟೋ ತೆಗೆದು ನನ್ನ ಫೋನಲ್ಲಿ ಇಟ್ಕೊಂಡೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಲ್ಲಿ ಮಡಚಿಟ್ಟ ಪ್ರಮಾಣಪತ್ರ ಇದ್ರೆ, ಇವತ್ತು ರಾತ್ರಿ ತೆಗೆದು ಕೆಳಗಿನ ಸಾಲು ಓದಿ. ಇಂಥ ಮನೆ ನಿಮ್ಮ ಬೀದಿಯಲ್ಲಿದ್ರೆ, ಅರ್ಜಿ ಹಾಕೋಕೆ ಮೊಬೈಲ್ ಹಿಡಿದು ಅರ್ಧ ಗಂಟೆ ಅವರ ಜೊತೆ ಕೂತ್ಕೊಳ್ಳಿ. ನಂಬರ್ ಮಾತ್ರ ಅವರದೇ ಹಾಕಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.